ಲಿಂಕನ್‌ನಲ್ಲಿ ಒಂದು ಶನಿವಾರ ರಾತ್ರಿ

2022ರ ಸೆಪ್ಟೆಂಬರ್ 10ರ ಬೆಳಿಗ್ಗೆ ನಮ್ಮ ಮನೆಯ ಮಾಲೀಕರು ಬಾಗಿಲು ತಟ್ಟಿ, ಕೈಯಲ್ಲಿದ್ದ ಕೆಂಪು ಟೋಪಿಯೊಂದನ್ನು ನನ್ನ ಮುಂದೆ ಹಿಡಿದು, "ಸಂಜೆ ಆಟಕ್ಕೆ ನನ್ನ ಜೊತೆ ಬರುತ್ತೀಯಾ? ಒಂದು ಸೀಟು ಖಾಲಿಯಿದೆ" ಎಂದು ಕೇಳಿದರು. ಆ ಸೀಟು ಅವರ ಹೆಂಡತಿಯದು. ಆಕೆ ತೀರಿಕೊಂಡು ಏಳು ತಿಂಗಳಾಗಿತ್ತು. ಹಿಂದಿನ ಶನಿವಾರದ ಪಂದ್ಯಕ್ಕೆ ಅವರು ಒಬ್ಬರೇ ಹೋಗಿ, ಪಕ್ಕದ ಸೀಟಿನ ಮೇಲೆ ತಮ್ಮ ಜಾಕೆಟ್ ಇಟ್ಟುಕೊಂಡು ಕುಳಿತಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ನಾನು ಹಾವೇರಿ ಜಿಲ್ಲೆಯವನು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಬೆಳೆ ವಿಜ್ಞಾನದ ಸಂಶೋಧನೆಗೆಂದು ಲಿಂಕನ್ ನಗರಕ್ಕೆ ಬಂದು ಆಗ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಅಮೆರಿಕದಲ್ಲಿ ಹಿರಿಯರನ್ನೂ ಹೆಸರು ಹಿಡಿದೇ ಕರೆಯುತ್ತಾರಾದರೂ, 78 ವರ್ಷದ ರೈತರಾದ ಆ ಮಾಲೀಕರನ್ನು ನಾನು ಮನಸ್ಸಿನಲ್ಲಿ ಅಜ್ಜ ಎಂದೇ ಕರೆಯುತ್ತಿದ್ದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನಮ್ಮಿಬ್ಬರ ಸ್ನೇಹಕ್ಕೆ ಕಾರಣ ಗೋವಿನಜೋಳ. ನಮ್ಮ ತಂದೆ ನಾಲ್ಕು ಎಕರೆಯಲ್ಲಿ ಅದನ್ನು ಬೆಳೆಯುತ್ತಾರೆ, ಅಜ್ಜ ಒಂಬೈನೂರು ಎಕರೆಯಲ್ಲಿ ಬೆಳೆಯುತ್ತಿದ್ದರು. ಮಳೆ ಕೈಕೊಟ್ಟಾಗ ಇಬ್ಬರ ಮಾತೂ ಒಂದೇ ತೆರನಾಗಿರುತ್ತಿತ್ತು. ಆ ವರ್ಷ ನೆಬ್ರಾಸ್ಕಾದಲ್ಲಿ ಬರ ಬಿದ್ದಿತ್ತು. ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ತಂಡದ ಹೆಸರು ಕೂಡ ಈ ಬೆಳೆಯಿಂದಲೇ ಬಂದದ್ದು: ಕಾರ್ನ್‌ಹಸ್ಕರ್ಸ್, ಅಂದರೆ ಗೋವಿನಜೋಳದ ತೆನೆ ಸುಲಿಯುವವರು.

ಅಲ್ಲಿಯ ಜನ ಈ ತಂಡಕ್ಕೆ ಹೇಗೆ ಅಂಟಿಕೊಂಡಿದ್ದಾರೆ ಎಂಬುದನ್ನು ಹೊರಗಿನವರಿಗೆ ಹೇಳುವುದು ಕಷ್ಟ. ಆಗ ಇಡೀ ರಾಜ್ಯದ ಜನಸಂಖ್ಯೆ 20 ಲಕ್ಷವನ್ನು ಮುಟ್ಟಿರಲಿಲ್ಲ. ದೊಡ್ಡ ವೃತ್ತಿಪರ ಲೀಗುಗಳ ಒಂದು ತಂಡವೂ ಅಲ್ಲಿಲ್ಲ. ಇರುವುದು ಈ ಒಂದೇ ತಂಡ, ಮತ್ತು ಯುದ್ಧದಲ್ಲಿ ಮಡಿದವರ ನೆನಪಿಗಾಗಿ 1923ರಲ್ಲಿ ಕಟ್ಟಿದ ಮೆಮೋರಿಯಲ್ ಸ್ಟೇಡಿಯಂ. ಪಂದ್ಯದ ದಿನ ಅಲ್ಲಿ ಸೇರುವ 85 ಸಾವಿರಕ್ಕೂ ಹೆಚ್ಚು ಜನರನ್ನು ಒಂದು ಊರೆಂದು ಲೆಕ್ಕ ಹಿಡಿದರೆ, ಓಮಾಹಾ ಮತ್ತು ಲಿಂಕನ್ ಬಿಟ್ಟರೆ ಅದೇ ರಾಜ್ಯದ ಮೂರನೆಯ ದೊಡ್ಡ ಊರಾಗುತ್ತದೆ. 1962ರ ನವೆಂಬರ್‌ನಿಂದ ಈಚೆಗೆ ಅಲ್ಲಿಯ ಒಂದು ಪಂದ್ಯದಲ್ಲಿಯೂ ಟಿಕೆಟ್ ಮಾರಾಟವಾಗದೆ ಉಳಿದಿಲ್ಲ. ಸೋಲಿನ ವರ್ಷಗಳಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳು ಕೊಂಡು ಈ ಸರಣಿ ತುಂಡಾಗದಂತೆ ನೋಡಿಕೊಂಡಿದ್ದಾರೆ. ಅಜ್ಜ 1962ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾಗಿ ಆ ಸ್ಟೇಡಿಯಂ ಹೊಕ್ಕವರು.

ಸಂಜೆ ಆರೂವರೆಗೆ ಪಂದ್ಯ. ಜಾರ್ಜಿಯಾ ಸದರ್ನ್ ಎಂಬ ಸಣ್ಣ ತಂಡ ಎದುರಾಳಿ. ದೊಡ್ಡ ವಿಶ್ವವಿದ್ಯಾಲಯಗಳು ಇಂಥ ತಂಡಗಳನ್ನು ಹಣ ಕೊಟ್ಟು ಕರೆಸುವುದು ಅಲ್ಲಿಯ ಪದ್ಧತಿ. ಹಣ ಕೊಡುವವರು ಗೆಲುವನ್ನು ಖಚಿತವೆಂದೇ ಎಣಿಸಿರುತ್ತಾರೆ. ಆದರೂ ಸ್ಟೇಡಿಯಂ ಕಡೆಗೆ ನಡೆದು ಹೋಗುತ್ತಿದ್ದ ಕೆಂಪು ಅಂಗಿಗಳ ಗುಂಪಿನಲ್ಲಿ ಹಬ್ಬದ ಗದ್ದಲಕ್ಕಿಂತ ಆಸ್ಪತ್ರೆಯ ಮುಂದೆ ಕಾಯುವವರ ಗಲಿಬಿಲಿಯೇ ಹೆಚ್ಚಾಗಿ ಕಾಣುತ್ತಿತ್ತು. ಎರಡು ವಾರಗಳ ಹಿಂದೆ ಐರ್ಲೆಂಡಿನ ಡಬ್ಲಿನ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ತಂಡ 28–17ರಿಂದ ಮುಂದಿದ್ದಾಗ, ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸುವ ಬದಲು, ಸಮೀಪಕ್ಕೆ ಒದ್ದು ತಾವೇ ಹಿಡಿದುಕೊಳ್ಳಲು ಕೋಚ್ ಸ್ಕಾಟ್ ಫ್ರಾಸ್ಟ್ ಹೇಳಿದ್ದರು. ಅದು ಫಲಿಸಲಿಲ್ಲ, ಪಂದ್ಯ 31–28ರಿಂದ ಕೈತಪ್ಪಿತು. ಎರಡು ವಾರ ಇಡೀ ರಾಜ್ಯ ಆ ಒಂದು ಒದೆತದ ಬಗ್ಗೆಯೇ ಮಾತನಾಡುತ್ತಿತ್ತು. ಬೀಜದ ಅಂಗಡಿಯಲ್ಲಿಯೂ ಚರ್ಚಿನ ಅಂಗಳದಲ್ಲಿಯೂ ಅದೇ ಮಾತು.

ಫ್ರಾಸ್ಟ್ ಹೊರಗಿನಿಂದ ಬಂದ ಕೋಚ್ ಆಗಿದ್ದರೆ ಜನ ಇಷ್ಟು ನೋಯುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ. ಅವರು ವುಡ್ ರಿವರ್ ಎಂಬ ಪುಟ್ಟ ಊರಿನ ಹುಡುಗ. ತಂದೆ ತಾಯಿ ಇಬ್ಬರೂ ಶಾಲೆಯಲ್ಲಿ ಅವರಿಗೆ ತರಬೇತಿ ಕೊಟ್ಟವರು, ತಾಯಿ 1968ರ ಒಲಿಂಪಿಕ್ಸ್‌ನಲ್ಲಿ ಡಿಸ್ಕಸ್ ಎಸೆದವರು. 1997ರಲ್ಲಿ ನೆಬ್ರಾಸ್ಕಾ ಕೊನೆಯ ಬಾರಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಆಕ್ರಮಣವನ್ನು ಮುನ್ನಡೆಸುವ ಆಟಗಾರ, ಅವರೇ. ಮುಂದೆ ಕೋಚ್ ಆಗಿ ಸೆಂಟ್ರಲ್ ಫ್ಲೋರಿಡಾ ತಂಡವನ್ನು 2017ರಲ್ಲಿ ಒಂದೂ ಸೋಲಿಲ್ಲದೆ ದಡ ಮುಟ್ಟಿಸಿದರು. ಆ ಡಿಸೆಂಬರ್‌ನಲ್ಲಿ ಏಳು ವರ್ಷಕ್ಕೆ 3.5 ಕೋಟಿ ಡಾಲರ್ ಒಪ್ಪಂದದ ಮೇಲೆ ಅವರು ತವರಿಗೆ ಮರಳಿದಾಗ, "ನಮ್ಮನ್ನು ನಾವೇ ಮರಳಿ ಪಡೆದೆವು ಅನ್ನಿಸಿತು" ಎಂದು ಅಜ್ಜ ಹೇಳುತ್ತಿದ್ದರು. ಒಬ್ಬ ಮನುಷ್ಯನ ಹೆಗಲ ಮೇಲೆ ಅದೆಷ್ಟು ಭಾರ ಎಂದು ಆ ಮಾತು ಕೇಳಿದಾಗಲೆಲ್ಲ ಯೋಚಿಸಿದ್ದೇನೆ.

ಆ ಭಾರ ಹುಟ್ಟಿದ್ದು ಒಂದು ಅಂಕಿಯಿಂದ. ಟಾಮ್ ಆಸ್ಬೋರ್ನ್ 1973ರಿಂದ 1997ರವರೆಗೆ 25 ವರ್ಷ ಕೋಚ್ ಆಗಿದ್ದು, ಒಂದು ವರ್ಷವೂ ಒಂಬತ್ತಕ್ಕಿಂತ ಕಡಿಮೆ ಪಂದ್ಯ ಗೆಲ್ಲಲಿಲ್ಲ. ಒಟ್ಟು 255 ಗೆಲುವು, 49 ಸೋಲು, 3 ಸಮ. ಕೊನೆಯ ನಾಲ್ಕು ವರ್ಷಗಳಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ. ಕಾಲು ಶತಮಾನ ಹೀಗೆ ನಡೆದರೆ ಒಂಬತ್ತು ಗೆಲುವು ಎಂಬುದು ಸಾಧನೆಯಾಗಿ ಉಳಿಯುವುದಿಲ್ಲ, ದಿನದ ಊಟದ ಹಾಗೆ ಆಗಿಬಿಡುತ್ತದೆ. ಆಸ್ಬೋರ್ನ್ ನಂತರ ಬಂದ ಫ್ರ್ಯಾಂಕ್ ಸೋಲಿಚ್ 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತಾಗ ಅವರನ್ನು ತೆಗೆದುಹಾಕಲಾಯಿತು. ಬೋ ಪೆಲೀನಿ ಏಳು ವರ್ಷವೂ ಒಂಬತ್ತೋ ಹತ್ತೋ ಪಂದ್ಯ ಗೆದ್ದರು, 2014ರಲ್ಲಿ ಅವರನ್ನೂ ಕಳುಹಿಸಿದರು. ಅವರು ಹೋದ ಮೇಲೆ ಅಲ್ಲಿಯವರೆಗಿನ ಎಂಟು ವರ್ಷಗಳಲ್ಲಿ ಒಂಬತ್ತರ ಗಡಿ ಮುಟ್ಟಿದ್ದು ಒಮ್ಮೆ ಮಾತ್ರ, 2016ರಲ್ಲಿ.

ಆಸ್ಬೋರ್ನ್ ಕಾಲದ ಗೆಲುವಿಗೆ ಆಧಾರಗಳಿದ್ದವು, ಅವು ಒಂದೊಂದಾಗಿ ಕಳಚಿದ್ದನ್ನು ಜನ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆಟಗಾರರಿಗೆ ಭಾರ ಎತ್ತುವ ಕ್ರಮಬದ್ಧ ತರಬೇತಿಯನ್ನು ಬೇರೆಯವರಿಗಿಂತ ಬಹಳ ಮೊದಲು, 1969ರಲ್ಲಿ, ಬಾಯ್ಡ್ ಎಪ್ಲಿಯವರನ್ನು ಗೊತ್ತುಮಾಡಿಕೊಂಡು ನೆಬ್ರಾಸ್ಕಾ ಶುರುಮಾಡಿತ್ತು. ಈಗ ಅಂಥ ವ್ಯಾಯಾಮಶಾಲೆ ಎಲ್ಲ ಕಡೆಯೂ ಇದೆ. ಸ್ಕಾಲರ್‌ಶಿಪ್ ಇಲ್ಲದೆಯೂ ತಂಡಕ್ಕೆ ಸೇರುವ ಹಳ್ಳಿ ಹುಡುಗರ ದೊಡ್ಡ ಪಡೆ ಅದಕ್ಕಿತ್ತು. 2022ರಲ್ಲಿಯೂ ಅದು ಇತ್ತು, ಆದರೆ ಅದೊಂದರಿಂದಲೇ ಗೆಲ್ಲಲಾಗುತ್ತಿರಲಿಲ್ಲ. 2011ರಲ್ಲಿ ಬಿಗ್ 12 ಎಂಬ ವಿಶ್ವವಿದ್ಯಾಲಯ ತಂಡಗಳ ಒಕ್ಕೂಟವನ್ನು ಬಿಟ್ಟು ಬಿಗ್ ಟೆನ್ ಎಂಬ ಇನ್ನೊಂದನ್ನು ಸೇರಿದಾಗ, ಪ್ರತಿ ವರ್ಷ ಟೆಕ್ಸಸ್‌ನಲ್ಲಿ ಆಡುತ್ತಿದ್ದ ಪಂದ್ಯಗಳೂ, ಅವುಗಳ ಬಲದಿಂದ ಅಲ್ಲಿಯ ಹುಡುಗರನ್ನು ಸೆಳೆಯುವ ಅನುಕೂಲವೂ ಹೋದವು. ನೆಲದ ಸಾರ ಬದಲಾದರೂ ಹಳೆಯ ಇಳುವರಿಯನ್ನೇ ನಿರೀಕ್ಷಿಸಿದರೆ ರೈತನ ಗತಿ ಏನಾಗುತ್ತದೆ ಎಂಬುದು ಅಜ್ಜನಿಗೆ ಗೊತ್ತಿತ್ತು. ಫುಟ್‌ಬಾಲ್ ವಿಷಯದಲ್ಲಿ ಮಾತ್ರ ಅವರು ಅದನ್ನು ಒಪ್ಪುತ್ತಿರಲಿಲ್ಲ.

ಹಾಗೆಂದು ಅಭಿಮಾನಿಗಳದೇ ತಪ್ಪು ಎಂದು ನಾನು ಹೇಳಲಾರೆ. ಆ ರಾತ್ರಿಗೆ ಮುಂಚೆ ಫ್ರಾಸ್ಟ್ ಅವರ ತಂಡ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ ನಾಲ್ಕು, ಐದು, ಮೂರು, ಮೂರು ಪಂದ್ಯಗಳನ್ನು ಗೆದ್ದಿತ್ತು. 2021ರಲ್ಲಿ ಸೋತ ಒಂಬತ್ತು ಪಂದ್ಯಗಳಲ್ಲಿಯೂ ಅಂತರ ಹತ್ತು ಅಂಕದೊಳಗೇ ಇತ್ತು. ದೊಡ್ಡ ಅಂತರದಿಂದ ಸೋಲುವ ತಂಡದ ಬಗ್ಗೆ ಜನ ಆಸೆ ಬಿಟ್ಟುಬಿಡುತ್ತಾರೆ. ಪ್ರತಿ ವಾರ ಬಾಗಿಲವರೆಗೂ ಬಂದು ಹಿಂದಿರುಗುವ ತಂಡ ಆಸೆಯನ್ನೂ ಬಿಡಗೊಡುವುದಿಲ್ಲ.

ನಮ್ಮ ಸೀಟು ಪಶ್ಚಿಮದ ಕಡೆ, ಮೇಲಿನ ಸಾಲಿನಲ್ಲಿತ್ತು. ಅಲ್ಲಿಗೆ ಹತ್ತುವ ಮೊದಲು ಅಜ್ಜ ಸ್ಟೇಡಿಯಂ ಗೋಡೆಯ ಒಂದು ಮೂಲೆಯಲ್ಲಿ ಕೊರೆದ ಬರಹವನ್ನು ತೋರಿಸಿದರು. ಮುಖ್ಯವಾದದ್ದು ಗೆಲುವಲ್ಲ, ಕಾರ್ಯ, ಗುರಿಯಲ್ಲ, ಆಟ, ಮಾಡುವ ಕೆಲಸದಲ್ಲಿಯೇ ಕೀರ್ತಿ ಇದೆ ಎಂಬುದು ಅದರ ಅರ್ಥ. ತಮ್ಮ ಹೆಂಡತಿ ಪ್ರತಿ ಪಂದ್ಯಕ್ಕೂ ಮುನ್ನ ಆ ಕಲ್ಲನ್ನು ಮುಟ್ಟುತ್ತಿದ್ದಳೆಂದು ಹೇಳಿ ಅವರೂ ಮುಟ್ಟಿದರು. ನಾನೂ ಮುಟ್ಟಿದೆ.

ಆಟ ಶುರುವಾದ ಸ್ವಲ್ಪ ಹೊತ್ತಿಗೇ ಆತಂಕ ಕಾಣಿಸಿಕೊಂಡಿತು. ನೆಬ್ರಾಸ್ಕಾ ಅಂಕ ಗಳಿಸುತ್ತಿತ್ತು, ಆದರೆ ಎದುರಾಳಿಯನ್ನು ತಡೆಯುವುದು ಅದರ ಕೈಲಾಗುತ್ತಿರಲಿಲ್ಲ. ಜಾರ್ಜಿಯಾ ಸದರ್ನ್ ಆ ರಾತ್ರಿ ಒಟ್ಟು 642 ಗಜ ಮುನ್ನಡೆಯಿತು. ನಮ್ಮ ಕಣ್ಣೆದುರಿಗೆ ಕೆಂಪು ಅಂಗಿಯ ಹುಡುಗರು ಮತ್ತೆ ಮತ್ತೆ ಹಿಂದೆ ಬೀಳುತ್ತಿದ್ದರು, ಸುತ್ತಲಿನ ಜನ ಪ್ರತಿ ಬಾರಿಯೂ ಎದ್ದು ನಿಂತು, ಕೂಗಿ, ಕುಳಿತುಕೊಳ್ಳುತ್ತಿದ್ದರು. ನಮ್ಮ ಹಿಂದಿನ ಸಾಲಿನ ಕೆಲವರು ಕೋಚ್ ಹೆಸರು ಹಿಡಿದು ಧಿಕ್ಕಾರ ಕೂಗತೊಡಗಿದಾಗ ಅಜ್ಜ ತಿರುಗಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮೈದಾನದ ಮೇಲಿನ ದೃಷ್ಟಿ ತೆಗೆಯದೆಯೇ ನನಗೆ ಒಂದು ವಿಷಯ ಹೇಳಿದರು.

1997ರ ಸೆಪ್ಟೆಂಬರ್‌ನಲ್ಲಿ ಇದೇ ಸ್ಟೇಡಿಯಂನಲ್ಲಿ ಸೆಂಟ್ರಲ್ ಫ್ಲೋರಿಡಾ ವಿರುದ್ಧದ ಪಂದ್ಯ. ಸ್ಟ್ಯಾನ್‌ಫರ್ಡ್‌ಗೆ ಹೋಗಿ ಅಲ್ಲಿಂದ ಮರಳಿದ ಹುಡುಗನೆಂದು ಫ್ರಾಸ್ಟ್ ಮೇಲೆ ಕೆಲವರಿಗೆ ಮೊದಲೇ ಸಿಟ್ಟಿತ್ತು. ಆ ದಿನ ಅವರು ಮೈದಾನಕ್ಕೆ ಇಳಿದಾಗ ತವರಿನ ಜನವೇ ಅವರಿಗೆ ಧಿಕ್ಕಾರ ಕೂಗಿದರು. "ಕೂಗಿದವರಲ್ಲಿ ನಾನೂ ಒಬ್ಬ" ಎಂದರು ಅಜ್ಜ. "ನನ್ನ ಹೆಂಡತಿ ಮನೆಗೆ ಹೋಗುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ. ಅವನೂ ಯಾರದೋ ಮಗನಲ್ಲವೇ, ಅವನ ಅಮ್ಮ ಎಲ್ಲೋ ಕುಳಿತು ಕೇಳುತ್ತಿರುತ್ತಾಳೆ ಎಂದಳು. ಅದೇ ವರ್ಷ ಅವನು ನಮಗೆ ಪ್ರಶಸ್ತಿ ಗೆದ್ದುಕೊಟ್ಟ. ಆಮೇಲೆ ನಾನು ಯಾವ ಹುಡುಗನಿಗೂ ಕೂಗಿಲ್ಲ."

ಕೊನೆಯ ನಿಮಿಷಗಳಲ್ಲಿ ನೆಬ್ರಾಸ್ಕಾ 42–38ರಿಂದ ಮುಂದಿತ್ತು. ಸ್ಟೇಡಿಯಂ ಮತ್ತೆ ಎದ್ದು ನಿಂತಿತು, ಅಜ್ಜನೂ ಎದ್ದರು, ನನ್ನ ಗಂಟಲೂ ಕಟ್ಟಿತ್ತು. ಆದರೆ ಜಾರ್ಜಿಯಾ ಸದರ್ನ್ ನಿಧಾನವಾಗಿ ಇಡೀ ಮೈದಾನ ದಾಟಿ ಬಂತು. ಇನ್ನು 36 ಸೆಕೆಂಡು ಉಳಿದಿರುವಾಗ ಅವರ ಕ್ವಾರ್ಟರ್‌ಬ್ಯಾಕ್ ತಾನೇ ಚೆಂಡು ಹಿಡಿದು ಎಂಟು ಗಜ ಓಡಿ ಗೆರೆ ದಾಟಿದ. ಸಮ ಮಾಡಿಕೊಳ್ಳಲು ನೆಬ್ರಾಸ್ಕಾ ಕೊನೆಗೆ 52 ಗಜ ದೂರದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಗಲಿಲ್ಲ. 45–42. ತವರಿನಲ್ಲಿ 35 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದ 214 ಪಂದ್ಯಗಳಲ್ಲಿ ಒಂದನ್ನೂ ನೆಬ್ರಾಸ್ಕಾ ಅದುವರೆಗೆ ಸೋತಿರಲಿಲ್ಲ.

ನಾನು ನಿರೀಕ್ಷಿಸಿದ್ದು ದೊಡ್ಡ ಕೂಗಾಟವನ್ನು. ನಮ್ಮ ಸುತ್ತ ಆದದ್ದು ಮೌನ. ಕುಳಿತ ಜಾಗದಿಂದ ಏಳದೆ, ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಮೈದಾನ ನೋಡುತ್ತಿದ್ದ ನೂರಾರು ಜನರನ್ನು ನಾನು ಇಂದಿಗೂ ಮರೆತಿಲ್ಲ. ಎದುರಾಳಿ ತಂಡ ಹೊರಹೋಗುವಾಗ ಚಪ್ಪಾಳೆ ತಟ್ಟಿ ಬೀಳ್ಕೊಡುವುದು ನೆಬ್ರಾಸ್ಕಾದವರ ಹಳೆಯ ನಡವಳಿಕೆ. ಅಜ್ಜ ಎದ್ದು ಜಾರ್ಜಿಯಾ ಸದರ್ನ್ ಹುಡುಗರಿಗೆ ಚಪ್ಪಾಳೆ ತಟ್ಟಿದರು. ಅಕ್ಕಪಕ್ಕದ ಕೆಲವರೂ ತಟ್ಟಿದರು. ಆ ತಂಡದ ಕೋಚ್ ಕ್ಲೇ ಹೆಲ್ಟನ್ ಅವರನ್ನು ಒಂದು ವರ್ಷದ ಹಿಂದೆ, ಅದೇ ಸೆಪ್ಟೆಂಬರ್ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ದೊಡ್ಡ ತಂಡವೊಂದು ಕೆಲಸದಿಂದ ತೆಗೆದಿತ್ತು.

ಮನೆಗೆ ಮರಳುವ ದಾರಿಯಲ್ಲಿ ಟ್ರಕ್‌ನ ರೇಡಿಯೋದಲ್ಲಿ ಕರೆ ಮಾಡಿದವರೆಲ್ಲ ಹಣದ ಲೆಕ್ಕ ಹೇಳುತ್ತಿದ್ದರು. ಫ್ರಾಸ್ಟ್ ಅವರನ್ನು ಆಗಲೇ ತೆಗೆದರೆ 1.5 ಕೋಟಿ ಡಾಲರ್ ಕೊಡಬೇಕು, ಅಕ್ಟೋಬರ್ 1ರವರೆಗೆ ಕಾದರೆ ಅದರ ಅರ್ಧ ಸಾಕು. ಮೂರು ವಾರ ಕಾಯಬೇಕೇ ಬೇಡವೇ ಎಂಬ ವಾದ. ಅಜ್ಜ ರೇಡಿಯೋ ಆರಿಸಿ, "ಬರಗಾಲದಲ್ಲಿ ಜನ ಇಷ್ಟು ದುಡ್ಡಿನ ಮಾತಾಡುವುದು ಕೇಳಲಾಗುವುದಿಲ್ಲ" ಎಂದರು. ರಸ್ತೆಯ ಎರಡೂ ಬದಿ ಬಾಡಿದ ಗೋವಿನಜೋಳ ನಿಂತಿತ್ತು.

ಮರುದಿನ, ಭಾನುವಾರ, ಅವರ ಹೊಲದಲ್ಲಿ ತೆನೆಗಳ ತೇವಾಂಶ ನೋಡಲು ಹೋಗಿದ್ದೆವು. ನನ್ನ ಫೋನಿಗೆ ಸುದ್ದಿ ಬಂತು. ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ ಟ್ರೆವ್ ಆಲ್ಬರ್ಟ್ಸ್ ಫ್ರಾಸ್ಟ್ ಅವರನ್ನು ಆ ದಿನವೇ ತೆಗೆದಿದ್ದರು, ಸಹಾಯಕ ಕೋಚ್ ಮಿಕಿ ಜೋಸೆಫ್ ಅವರಿಗೆ ಉಳಿದ ಸೀಸನ್ ಒಪ್ಪಿಸಿದ್ದರು. ತವರಿಗೆ ಬಂದ ಮಗನ ಲೆಕ್ಕ 16 ಗೆಲುವು, 31 ಸೋಲಿಗೆ ಮುಗಿದಿತ್ತು. ಓದಿ ಹೇಳಿದೆ. ಅಜ್ಜ ಕೈಯಲ್ಲಿದ್ದ ತೆನೆಯ ಸಿಪ್ಪೆಯನ್ನು ಪೂರ್ತಿ ಸುಲಿದು, ಕಾಳಿನ ಸಾಲುಗಳನ್ನು ಎಣಿಸಿ ಮುಗಿಸುವವರೆಗೆ ಏನೂ ಹೇಳಲಿಲ್ಲ.

"ತೆಗೆಯಲೇಬೇಕಿತ್ತು" ಎಂದರು ಆಮೇಲೆ. "ಆದರೆ ಅವನು ಕೋಚ್ ಆಗಿ ಬಂದ ದಿನ ನಾವು ಅವನ ಹತ್ತಿರ ಕೇಳಿದ್ದು ಗೆಲುವನ್ನಷ್ಟೇ ಅಲ್ಲ. ನಮಗೆ ವಯಸ್ಸಾಗಿಲ್ಲ ಎಂದು ಹೇಳು ಅಂತ ಕೇಳಿದೆವು. ಅದನ್ನು ಯಾವ ಹುಡುಗ ಹೇಳಿಯಾನು?"

ನಾವು ಇನ್ನೂ ಐದಾರು ಕಡೆ ತೆನೆ ಮುರಿದು ನೋಡಿದೆವು. ಇಳುವರಿ ಅವರು ಹೆದರಿದ್ದಷ್ಟು ಕೆಟ್ಟಿರಲಿಲ್ಲ. ಟ್ರಕ್ ಹತ್ತುವಾಗ ಅವರು, ಮುಂದಿನ ಶನಿವಾರ ಓಕ್ಲಹೋಮಾ ಬರುತ್ತದೆ, ಬೆಳಿಗ್ಗೆ ಹನ್ನೊಂದಕ್ಕೇ ಪಂದ್ಯ, ಎಂಟಕ್ಕೆ ತಯಾರಾಗಿರು ಎಂದರು. ಆ ಶನಿವಾರ ನಾವು ಗೋಡೆಯ ಆ ಮೂಲೆಯಲ್ಲಿ ಕಲ್ಲು ಮುಟ್ಟಿ, ಮೇಲಿನ ಸಾಲಿಗೆ ಹತ್ತಿ, ಅವೇ ಎರಡು ಸೀಟುಗಳಲ್ಲಿ ಕುಳಿತೆವು. ನೆಬ್ರಾಸ್ಕಾ 49–14ರಿಂದ ಸೋತಿತು. ಅಜ್ಜ ಕೊನೆಯ ಸೆಕೆಂಡಿನವರೆಗೂ ಏಳಲಿಲ್ಲ.