ಮಾರುತಿ 800ರ ಅಡಿಭಾಗ: ಬಿಚ್ಚಲು ಒಪ್ಪದ ಬೋಲ್ಟುಗಳ ವರದಿ

ಬದಲಿಸಬೇಕಾದ್ದು ಇಷ್ಟು: ಸೈಲೆನ್ಸರಿನ ಮುಂದಿನ ಪೈಪ್, ಎದುರಿನ ಶಾಕ್ ಅಬ್ಸಾರ್ಬರ್, ಹಿಂದಿನ ಬ್ರೇಕ್ ಶೂ, ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಅದರ ರಬ್ಬರ್ ಬುಷ್. ಹೊಸ ಸಾಮಾನು ಎಲ್ಲಾ ತಂದಾಗಿದೆ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿದ್ದರೂ ಉಡುಪಿಯಲ್ಲಿ ಪಾರ್ಟ್ಸ್‌ಗೆ ಕಷ್ಟವಿಲ್ಲ. ಹೊಸದನ್ನು ಹಾಕುವುದೂ ದೊಡ್ಡ ಕೆಲಸವಲ್ಲ. ಹಳೆಯದು ಹೊರಗೆ ಬರಬೇಕಲ್ಲ, ಪಂಚಾಯ್ತಿ ಇರುವುದು ಅಲ್ಲೇ.

ಈ ಕಾರು ಹುಟ್ಟಿದಾಗಿನಿಂದ ಮಲ್ಪೆ ಕಡೆಯ ಗಾಳಿಯಲ್ಲೇ ನಿಂತಿದೆ. ಒಂದು ಕಡೆ ಉಪ್ಪು, ಇನ್ನೊಂದು ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದೆ ಸುರಿಯುವ ಮಳೆ. ಮಳೆ ನಿಂತ ಮೇಲಾದರೂ ಒಣಗುತ್ತದೆ ಅಂದರೆ ಅದೂ ಇಲ್ಲ. ಉಪ್ಪು ಗಾಳಿಯಲ್ಲಿರುವ ತೇವವನ್ನೇ ಎಳೆದುಕೊಳ್ಳುತ್ತದೆ, ಜನವರಿಯಲ್ಲೂ ತುಕ್ಕಿನ ಕೆಲಸ ನಡೆಯುತ್ತಲೇ ಇರುತ್ತದೆ. ಕಬ್ಬಿಣ ತುಕ್ಕಾದರೆ ಮೊದಲಿಗಿಂತ ಜಾಸ್ತಿ ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಕೂದಲಿನಷ್ಟು ಸಂದಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಹಾಗಾಗಿ ಅದು ಅಲ್ಲೇ ಬಿಗಿದು ಕೂರುತ್ತದೆ.

ಸ್ಪಾನರ್ ಮುಟ್ಟುವ ಮೊದಲು ಮಾಡಿದ ಕೆಲಸ ಇದು: ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಜಾಕಿಯೊಂದನ್ನೇ ನಂಬಿ ಯಾರೂ ಅಡಿಗೆ ಹೋಗಬೇಡಿ, ನಮ್ಮ ಕೆಂಪು ಮಣ್ಣಿನ ಅಂಗಳದಲ್ಲಂತೂ ಸ್ಟ್ಯಾಂಡಿನ ಕೆಳಗೂ ದಪ್ಪ ಹಲಗೆ ಬೇಕು), ವೈರ್ ಬ್ರಷ್‌ನಲ್ಲಿ ಪ್ರತಿ ಬೋಲ್ಟ್ ಉಜ್ಜಿ, ಚಾಕ್‌ನಲ್ಲಿ ಗುರುತು ಹಾಕಿದೆ. ಗೀಟು ಎಂದರೆ ಹಿಂದೆ ನಟ್ ಉಂಟು. ಸೊನ್ನೆ ಎಂದರೆ ಹಿಂದೆ ನಟ್ ಇಲ್ಲ, ಬೋಲ್ಟ್ ನೇರವಾಗಿ ಯಾವುದೋ ಎರಕದ ಭಾಗದೊಳಗೆ ಕೂತಿದೆ. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದನ್ನೇ. ಗೀಟಿನದ್ದು ಹಠ ಮಾಡಿದರೆ ಕತ್ತರಿಸಿ ಬಿಸಾಡಬಹುದು, ಹೊಸ ಬೋಲ್ಟಿಗೆ ಎಷ್ಟು ಮಹಾ ದುಡ್ಡು? ಸೊನ್ನೆಯದ್ದು ಒಳಗೆ ತುಂಡಾದರೆ ಮ್ಯಾನಿಫೋಲ್ಡೋ (ಎಂಜಿನ್ನಿನ ಹೊಗೆಯನ್ನು ಪೈಪಿಗೆ ಕೊಡುವ ಭಾಗ) ಕ್ಯಾಲಿಪರೋ (ಮುಂದಿನ ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ಬಿಚ್ಚಿಕೊಂಡು ಲೇತಿನವರ ಬಾಗಿಲಿಗೆ ಹೋಗಬೇಕು. ಎರಡಕ್ಕೂ ಒಂದೇ ತಾಳ್ಮೆ ಖರ್ಚು ಮಾಡುವುದು ದಂಡ.

ಸೈಜಿನ ಗೋಳು

ಜಪಾನಿ ಅಳತೆಯ ಕಾರಾದ್ದರಿಂದ ಕಂಪನಿಯ 8 ಮಿ.ಮೀ. ಬೋಲ್ಟಿಗೆ 12ರ ತಲೆ, ಅಂದರೆ 12 ಮಿ.ಮೀ. ಸ್ಪಾನರ್ ಕೂರುವಂಥದ್ದು. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟಿಗೆ ಸಾಮಾನ್ಯವಾಗಿ 13ರ ತಲೆ. ಇಷ್ಟು ವರ್ಷದಲ್ಲಿ ಹಲವು ಗ್ಯಾರೇಜ್ ಕಂಡ ಗಾಡಿಯಲ್ಲಿ ಎರಡೂ ಅಕ್ಕಪಕ್ಕ ಕೂತಿರುತ್ತವೆ. ಯಾರೋ ಹಿಂದೆ 12ರ ತಲೆಗೆ ಅರ್ಧ ಇಂಚಿನ ಸ್ಪಾನರ್ ಹಾಕಿದ್ದಾರೆ. ಅರ್ಧ ಇಂಚು ಎಂದರೆ 12.7 ಮಿ.ಮೀ., ಕೂರುತ್ತದೆ, ಆದರೆ ಆಡುತ್ತದೆ. ಎರಡು ಬೋಲ್ಟಿನ ಮೂಲೆ ಆಗಲೇ ಉರುಟಾಗಿದೆ.

ನಾನು ಈ ಕೆಲಸಕ್ಕೆಂದೇ ಆರು ಮೂಲೆಯ ಸಾಕೆಟ್ ತೆಗೆದುಕೊಂಡೆ. ಹನ್ನೆರಡು ಮೂಲೆಯದ್ದು ಬೋಲ್ಟಿನ ತಲೆಯನ್ನು ಮೂಲೆಯ ಹತ್ತಿರ ಹಿಡಿಯುತ್ತದೆ, ಆರು ಮೂಲೆಯದ್ದು ಚಪ್ಪಟೆ ಬದಿಯನ್ನು ಒತ್ತುತ್ತದೆ. ಜಾಮ್ ಆದ ಬೋಲ್ಟಿಗೆ ಈ ವ್ಯತ್ಯಾಸವೇ ಜೀವ. ಉರುಟಾದ ಎರಡಕ್ಕೂ ಒಂದು ಸೈಜ್ ಸಣ್ಣ ಸಾಕೆಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಒಂದು ಬಂತು. ಇನ್ನೊಂದರ ತಲೆಯ ಎರಡು ಬದಿಯನ್ನು ಅರದಲ್ಲಿ ಉಜ್ಜಿ ಚಪ್ಪಟೆ ಮಾಡಿ, ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಕಚ್ಚಿಸಿ ತಿರುಗಿಸಿದೆ.

ಎಣ್ಣೆ

ಡಬ್ಲ್ಯೂಡಿ-40 ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ? 1953ರಲ್ಲಿ ಅದನ್ನು ಮಾಡಿದ್ದೇ ನೀರನ್ನು ಓಡಿಸಲಿಕ್ಕೆ. ತೆಳು ತುಕ್ಕಿಗೆ ಸಾಕು. ಸೈಲೆನ್ಸರ್ ಬೋಲ್ಟಿಗೆ ಅದರ ಆಟ ನಡೆಯಲಿಲ್ಲ. ಅಸಿಟೋನಿಗೆ ಅಷ್ಟೇ ಪ್ರಮಾಣದ ಆಟೊಮ್ಯಾಟಿಕ್ ಗೇರ್ ಆಯಿಲ್ ಬೆರೆಸಿ ಹಚ್ಚಿದೆ. ಎರಡೂ ಸರಿಯಾಗಿ ಬೆರೆಯುವುದಿಲ್ಲ, ಪ್ರತಿ ಸಲ ಕುಲುಕಬೇಕು. ಪ್ಲಾಸ್ಟಿಕ್ ಬಾಟಲಿ ಬೇಡ, ಬೆಂಕಿಯ ಹತ್ತಿರ ಮೊದಲೇ ಬೇಡ. ಹಚ್ಚಿ ಬಿಟ್ಟು, ಸಂಜೆ ಬಂದು ಬೋಲ್ಟಿನ ತಲೆಗೆ ನೇರವಾಗಿ ಸಣ್ಣ ಸಣ್ಣ ಪೆಟ್ಟು, ಮತ್ತೆ ಎಣ್ಣೆ. ಪೆಟ್ಟು ಬಿದ್ದಾಗ ತುಕ್ಕು ಬಿರುಕು ಬಿಡುತ್ತದೆ, ಎಣ್ಣೆಗೆ ದಾರಿ ಸಿಗುತ್ತದೆ. ಬಿಚ್ಚುವ ಮೊದಲು ಒಂದು ಕೂದಲಷ್ಟು ಬಿಗಿ ಮಾಡಿ ನೋಡುವುದೂ ಒಳ್ಳೆಯದು. ಯಾವ ಕಡೆಗಾದರೂ ಆಗಲಿ, ಅದು ಒಮ್ಮೆ ಕದಲಬೇಕು.

ಇಲ್ಲಿ ಕೈಯ ಅಂದಾಜು ಬಹಳ ಮುಖ್ಯ. ಸರಿಯಾಗಿ ಬಿಡುವ ಬೋಲ್ಟ್ "ಟಕ್" ಎನ್ನುತ್ತದೆ. ಒಮ್ಮೆ ಜರ್ರನೆ ಕೈ ಹಗುರಾಗುತ್ತದೆ, ಆಮೇಲೆ ಕಿರ್ ಕಿರ್ ಎಂದು ಬರುತ್ತದೆ. ಮುರಿಯಲಿಕ್ಕೆ ಹೊರಟ ಬೋಲ್ಟ್ ಶಬ್ದವನ್ನೇ ಮಾಡುವುದಿಲ್ಲ. ಬೆಲ್ಲದ ಪಾಕ ಎಳೆದ ಹಾಗೆ ಮೆತ್ತಗೆ ಬರುತ್ತದೆ. ತಿರುಗುತ್ತಾ ಇದೆ ಎಂದು ಖುಷಿಯಾಗುತ್ತದೆ, ನಿಜವಾಗಿ ಅದರ ಕುತ್ತಿಗೆ ತಿರುಚುತ್ತಾ ಇರುತ್ತದೆ. ಆ ಮೆತ್ತನೆ ಕಂಡ ಕೂಡಲೇ ನಿಲ್ಲಿಸಿ, ಹಿಂದಕ್ಕೆ ಬಿಗಿ ಮಾಡಿ, ಎಣ್ಣೆ ಹಾಕಿ. ಕಾಲು ಸುತ್ತು ಹೊರಗೆ, ಅದರ ಅರ್ಧ ಒಳಗೆ. ಬೇಜಾರಿನ ಕೆಲಸ, ಆದರೆ ಕ್ಯಾಲಿಪರಿನ ಬೋಲ್ಟುಗಳು ಬಂದದ್ದು ಹೀಗೇ.

ಸೈಲೆನ್ಸರ್

ಮ್ಯಾನಿಫೋಲ್ಡಿಗೆ ಪೈಪ್ ಸೇರುವ ಕಡೆಯ ನಟ್ಟುಗಳು ನೋಡಲಿಕ್ಕೆ ನಟ್ಟಿನ ಹಾಗೇ ಇರಲಿಲ್ಲ. ಕಂದು ಉಂಡೆಗಳು. ಸ್ಪಾನರ್ ಕೂರಿಸಲಿಕ್ಕೂ ಮೂಲೆ ಇಲ್ಲ. ನಾನು ಸುತ್ತಿಗೆ ಎತ್ತಿದ್ದನ್ನು ಕಂಪೌಂಡಿನ ಆಚೆಯಿಂದ ನೋಡಿ ಪಕ್ಕದ ಮನೆಯ ಅಣ್ಣ ಬಂದರು. ಬಂದರಿನಲ್ಲಿ ಬೋಟ್ ಎಂಜಿನ್ ಕೆಲಸ ಮಾಡಿ ಮಾಡಿ ಪಳಗಿದವರು. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ ಇರುವಾಗ ಬೋಟುಗಳ ರಿಪೇರಿ, ಆಗ ಅವರು ಕಣ್ಣಿಗೇ ಬೀಳುವುದಿಲ್ಲ. ಈಗ ಪುರುಸೊತ್ತಿತ್ತು.

"ಎಂತ ಮಾರಾಯ, ಸುಮ್ನೆ ಹೊಡೆದು ಎಂತ ಸಿಗ್ತದೆ? ಬಿಸಿ ಮಾಡು. ಬೋಲ್ಟಿಗಲ್ಲ, ನಟ್ಟಿಗೆ."

"ಅಣ್ಣ, ನನ್ನಲ್ಲಿ ಗ್ಯಾಸ್ ವೆಲ್ಡಿಂಗ್ ಇಲ್ವಲ್ಲ."

"ಬೇಡ. ಸಣ್ಣ ಟಾರ್ಚ್ ಉಂಟಲ್ಲ, ಅದು ಸಾಕು. ಒಂದು ಮೇಣದ ಬತ್ತಿ ತಾ."

8 ಮಿ.ಮೀ. ನಟ್ಟಿನ ತೂತು 300 ಡಿಗ್ರಿ ಬಿಸಿಯಾದರೆ ಹಿಗ್ಗುವುದು ಸುಮಾರು 0.03 ಮಿ.ಮೀ. ಮಾತ್ರ. ಕೇಳಲಿಕ್ಕೆ ಏನೂ ಅಲ್ಲ. ಆದರೆ ನಟ್ ಬೇಗ ಹಿಗ್ಗುತ್ತದೆ, ಒಳಗಿನ ಸ್ಟಡ್ (ತಲೆಯಿಲ್ಲದ ಬೋಲ್ಟ್) ತಡವಾಗಿ. ಆ ಎಳೆದಾಟದಲ್ಲಿ ನಡುವಿನ ತುಕ್ಕು ಪುಡಿಯಾಗುತ್ತದೆ. ಅಣ್ಣ ನಟ್ಟಿನ ಸುತ್ತ ಬೆಂಕಿ ಹಿಡಿದು, ಟಾರ್ಚ್ ಆರಿಸಿ, ಒಂದು ಕ್ಷಣ ಬಿಟ್ಟು ಮೇಣದ ಬತ್ತಿಯನ್ನು ಥ್ರೆಡ್ಡಿಗೆ ತಾಗಿಸಿದರು. ಮೇಣ ಚುಂಯ್ ಎಂದು ಕರಗಿ ಥ್ರೆಡ್ಡಿನೊಳಗೆ ಮಾಯ. ನಟ್ಟಿನ ಇನ್ನೊಂದು ಬದಿಯಿಂದ ಸಣ್ಣಗೆ ಬಿಳಿ ಹೊಗೆ ಬಂತು. "ಆಚೆ ಬಂತಲ್ಲ, ಈಗ ತಿರುಗಿಸು" ಎಂದರು. ವೈಸ್ ಗ್ರಿಪ್ ಹಿಡಿದದ್ದೇ ತಡ, ಟಕ್.

ಬೆಂಕಿ ಹಿಡಿಯುವವರು ಸುತ್ತ ನೋಡಿಕೊಳ್ಳಿ. ಪೆಟ್ರೋಲ್ ಲೈನ್, ಬ್ರೇಕ್ ಪೈಪ್, ರಬ್ಬರ್ ಬುಷ್ ಯಾವುದೂ ಹತ್ತಿರ ಇರಬಾರದು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ತಾಗಿಸಲೇಬೇಡಿ, ವಿಷದ ಗಾಳಿ ಬರುತ್ತದೆ. ಕೆಂಪಗೆ ಕಾಸಿದ ಬೋಲ್ಟನ್ನು ಮತ್ತೆ ಹಾಕಬೇಡಿ, ಅದರ ಗಟ್ಟಿತನ ಹೋಗಿರುತ್ತದೆ.

ಒಂದು ಸ್ಟಡ್ ಮಾತ್ರ ಮೊದಲೇ ತುಕ್ಕು ತಿಂದು ಅರ್ಧವಾಗಿತ್ತು. ನಟ್ಟಿನ ಸಮೇತ ಮುರಿದು ಬಂತು, ಒಳಗಿನ ತುಂಡು ಬೆರಳಿನ ಉಗುರಿನಷ್ಟು ಹೊರಗೆ ಉಳಿಯಿತು. ಇಲ್ಲಿ ಎಲ್ಲರಿಗೂ ನೆನಪಾಗುವುದು ಸ್ಕ್ರೂ ಎಕ್ಸ್‌ಟ್ರಾಕ್ಟರ್: ತೂತು ಕೊರೆದು, ಎಡಕ್ಕೆ ತಿರುಗುವ ಥ್ರೆಡ್ ಇರುವ ಗಟ್ಟಿ ಮೊಳೆಯಂಥದ್ದನ್ನು ಕಚ್ಚಿಸಿ ತಿರುಗಿಸುವುದು. ನನಗೆ ಅದರ ಮೇಲೆ ನಂಬಿಕೆ ಇಲ್ಲ. ಬೋಲ್ಟಿನ ಪೂರ್ತಿ ತಲೆ ಹಿಡಿದು ತಿರುಗಿಸಿದಾಗಲೇ ಬಾರದ್ದು, ಅದರೊಳಗಿನ ಸಣ್ಣ ತೂತಿನಿಂದ ಬರುತ್ತದೆಯೇ? ಎಕ್ಸ್‌ಟ್ರಾಕ್ಟರ್ ಬಹಳ ಗಟ್ಟಿ, ಅಷ್ಟೇ ಪೆಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಮುಟ್ಟಲಾರದು. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟು, ವೆಲ್ಡಿಂಗ್‌ನವರನ್ನು ಕರೆಸಿ, ತುಂಡಿನ ಮೇಲೆ ಹೊಸ ನಟ್ ಕೂರಿಸಿ ಒಳಗಿನಿಂದ ವೆಲ್ಡ್ ಮಾಡಿಸಿದೆ. ಹಿಡಿಯಲಿಕ್ಕೆ ಹೊಸ ತಲೆ ಸಿಕ್ಕಿತು, ವೆಲ್ಡಿಂಗ್ ಬಿಸಿ ತುಕ್ಕನ್ನೂ ಸಡಿಲ ಮಾಡಿತು. ಕೆಂಪು ಆರಿ ಕಪ್ಪಾದ ಮೇಲೆ ಸ್ಪಾನರ್ ಹಾಕಿದರೆ ಏನೂ ಆಗೇ ಇಲ್ಲ ಎಂಬಂತೆ ತಿರುಗಿ ಬಂತು.

ಹಿಂದಿನ ಬ್ರೇಕ್

ಡ್ರಮ್ ಬರಲಿಲ್ಲ. ಅದರ ಮುಖದ ಮೇಲೆ 8 ಮಿ.ಮೀ. ಥ್ರೆಡ್ ಇರುವ ಎರಡು ತೂತು ಇವೆ, ತುಕ್ಕು ಮುಚ್ಚಿ ಕಾಣುತ್ತಿರಲಿಲ್ಲ. ಕೆದಕಿ, ಎರಡು ಬೋಲ್ಟ್ ಹಾಕಿ ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಸುತ್ತಿಗೆ ಬೇಕಾಗಿಲ್ಲ.

ಬ್ರೇಕ್ ಪೈಪಿನ ನಟ್ಟಿಗೆ ಮಾಮೂಲಿ ಸ್ಪಾನರ್ ಹಾಕಲಿಲ್ಲ. ಅದು ಮೆತ್ತಗಿನ ನಟ್, ಬೇಗ ಉರುಟಾಗುತ್ತದೆ. ಪೈಪನ್ನು ಒಳಗೆ ಬಿಟ್ಟುಕೊಂಡು ಸುತ್ತ ಹಿಡಿಯುವ ಫ್ಲೇರ್ ನಟ್ ಸ್ಪಾನರ್ ಸಾಲ ತಂದೆ. ಬ್ಲೀಡರ್ ಸ್ಕ್ರೂ (ಬ್ರೇಕ್ ಆಯಿಲ್‌ನಲ್ಲಿ ಸೇರಿದ ಗಾಳಿ ಹೊರಗೆ ಬಿಡುವ ಸ್ಕ್ರೂ) ಒಳಗೆ ಟೊಳ್ಳು, ಜೋರು ಮಾಡಿದರೆ ತುಂಡಾಗುತ್ತದೆ. ಬಲಗಡೆಯದ್ದು ಬಂತು. ಎಡಗಡೆಯದ್ದನ್ನು ಮುಟ್ಟುವುದಿಲ್ಲ, ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರನ್ನೇ ಹೊಸದು ಹಾಕುತ್ತೇನೆ. ಹೇಗೂ ಸೋರುತ್ತಿತ್ತು.

ಲೋವರ್ ಆರ್ಮ್

ಶಾಕ್ ಅಬ್ಸಾರ್ಬರಿನ ಬೋಲ್ಟುಗಳು ಎಣ್ಣೆಗೇ ಬಗ್ಗಿದವು. ಲೋವರ್ ಆರ್ಮಿನ ಬೋಲ್ಟ್ ಬೇರೆ ಜಾತಿ. ನಟ್ ಆರಾಮವಾಗಿ ಬಂತು. ಬೋಲ್ಟ್ ತಿರುಗಿಸಿದರೆ ಸ್ವಲ್ಪ ತಿರುಗಿ, ಕೈ ಬಿಟ್ಟ ಕೂಡಲೇ ಹಿಂದಕ್ಕೆ ಜಿಗಿಯುತ್ತದೆ. ಅಂದರೆ ಬುಷ್ಷಿನ ಒಳಗಿನ ಕಬ್ಬಿಣದ ಕೊಳವೆಗೆ ಬೋಲ್ಟ್ ಅಂಟಿದೆ, ನಾನು ತಿರುಗಿಸುತ್ತಾ ಇರುವುದು ರಬ್ಬರನ್ನು. ಸ್ಪಾನರಿನ ಹಿಡಿಗೆ ಎಷ್ಟು ಉದ್ದದ ಪೈಪ್ ಹಾಕಿದರೂ ಪ್ರಯೋಜನವಿಲ್ಲ. ಇದು ಚಾಕ್‌ನಲ್ಲಿ ಗೀಟು ಹಾಕಿದ ಬೋಲ್ಟ್, ಬುಷ್ ಹೇಗೂ ಬದಲಿಸುವುದು. ಗ್ರೈಂಡರ್ ತಂದು ಬುಷ್ಷಿನ ಎರಡೂ ಬದಿಯಲ್ಲಿ ಕೊಯ್ದು ಆರ್ಮ್ ಇಳಿಸಿದೆ.

ವಾಪಸ್ ಹಾಕುವಾಗ

ಎಲ್ಲಾ ತೂತಿಗೂ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಓಡಿಸಿ ಥ್ರೆಡ್ ಕ್ಲೀನ್ ಮಾಡಿದೆ. ಸೈಲೆನ್ಸರಿಗೆ ಮತ್ತೆ ಜಾಮ್ ಆಗದ ಹಾಗೆ ತಾಮ್ರದ ಆ್ಯಂಟಿ ಸೀಜ್ ಪೇಸ್ಟ್. ಪೇಸ್ಟ್ ಹಚ್ಚಿದ ಥ್ರೆಡ್ ಜಾರುತ್ತದೆ, ಹಾಗಾಗಿ ಕಂಪನಿಯ ಪುಸ್ತಕದಲ್ಲಿ ಕೊಟ್ಟಷ್ಟೇ ಟಾರ್ಕ್ (ತಿರುಗಿಸುವ ಬಲ) ಹಾಕಿದರೆ ಬೋಲ್ಟಿಗೆ ಜಾಸ್ತಿ ಎಳೆತ ಬೀಳುತ್ತದೆ, ಸ್ವಲ್ಪ ಇಳಿಸಬೇಕು. ಇಲ್ಲಿ ಬೋಟಿನ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿಯದ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಸಿಗುತ್ತದೆ, ಆಸೆಯಾಗುತ್ತದೆ. ನಂಬರ್ ಪ್ಲೇಟಿಗೆ, ಮಡ್‌ಗಾರ್ಡಿಗೆ ಹಾಕಿ. ಸಸ್ಪೆನ್ಷನ್‌ಗೆ ಬೇಡ. ಅಲ್ಲಿ ತಲೆಯ ಮೇಲೆ 8.8 ಅಥವಾ 10.9 (ಬೋಲ್ಟಿನ ಬಲದ ದರ್ಜೆ) ಎಂದು ಬರೆದದ್ದೇ ಆಗಬೇಕು, ಹಳೆಯದರಲ್ಲಿ ಏನಿತ್ತೋ ಅದಕ್ಕಿಂತ ಕಡಿಮೆ ಬೇಡ.

ಈಗ ಸೈಲೆನ್ಸರ್ ಕೂತಿದೆ, ಮುಂದಿನ ಶಾಕ್ ಎರಡೂ ಕೂತಿವೆ. ಬಾಕಿ ಇರುವುದು ಎಡಗಡೆಯ ವೀಲ್ ಸಿಲಿಂಡರ್ ಮತ್ತು ಲೋವರ್ ಆರ್ಮಿಗೆ ಬುಷ್ ಪ್ರೆಸ್ ಮಾಡಿಸುವುದು. ಬುಷ್ಷಿನ ಬೋಲ್ಟನ್ನು ಕಾರು ಚಕ್ರದ ಮೇಲೆ ನಿಂತ ನಂತರವೇ ಪೂರ್ತಿ ಬಿಗಿ ಮಾಡಬೇಕು, ಇಲ್ಲವಾದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆ. ಅದಾದ ಮೇಲೆ ಬ್ರೇಕ್ ಬ್ಲೀಡಿಂಗ್, ವೀಲ್ ಅಲೈನ್‌ಮೆಂಟ್.