ಅಣ್ಣ ಸೋಮಾರಿ ಅಲ್ಲ

ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಅಂದ್ರೆ ಮೆದುಳಲ್ಲಿ ಸಂದೇಶ ಸಾಗಿಸೋ ಡೋಪಮೈನ್ ಅನ್ನೋ ರಾಸಾಯನಿಕ ಜಾಸ್ತಿ ಆಗೋದು, ಮಾತ್ರೆ ತಗೊಂಡ್ರೆ ಇಳಿಯುತ್ತೆ, ಅಲ್ಲಿಗೆ ಮುಗೀತು ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಹಂಗಿದ್ರೆ ಕಿವೀಲಿ ಮಾತು ಕೇಳ್ಸೋದು ನಿಂತ ಮೇಲೂ ನಮ್ಮಣ್ಣ ಬ್ರಷ್‌ಗೆ ಪೇಸ್ಟ್ ಹಾಕ್ಕೊಂಡು ಅದು ಒಣಗೋ ತನಕ ಬಚ್ಚಲಲ್ಲಿ ಹಂಗೇ ನಿಂತಿರೋದು ಯಾಕೆ? ಮನೆಗೆ ಬಂದೋರೆಲ್ಲ "ಸೋಮಾರಿ ಆಗ್ಬಿಟ್ಟ ಕಣಮ್ಮ" ಅಂತಾರಲ್ಲ, ಅವ್ರಿಗೋಸ್ಕರಾನೇ ಇದನ್ನ ಬರೀತಿದೀನಿ.

ಕಾಯಿಲೆ ಎದ್ದು ಕಾಣೋಕ್ಕೆ ಮುಂಚೆ ನಿದ್ದೆ ಕೆಡುತ್ತೆ, ಫ್ರೆಂಡ್ಸ್ ಬಿಟ್ಟೋಗ್ತಾರೆ, ಎಲ್ಲರ ಮೇಲೂ ಅನುಮಾನ. ಆ ಹಂತದಲ್ಲೇ ಪೆಟ್ ಸ್ಕ್ಯಾನ್ (ಮೆದುಳು ಹೇಗೆ ಕೆಲಸ ಮಾಡ್ತಿದೆ ಅಂತ ತೋರ್ಸೋ ಸ್ಕ್ಯಾನ್) ಮಾಡಿದ ಕೆಲವು ಸ್ಟಡಿಗಳಲ್ಲಿ, ಮೆದುಳಿನ ಒಳಗಡೆ ಇರೋ ಸ್ಟ್ರಯೇಟಮ್ ಅನ್ನೋ ಜಾಗದಲ್ಲಿ ಡೋಪಮೈನ್ ತಯಾರಿ ಮಾಮೂಲಿಗಿಂತ ಜಾಸ್ತಿ ಇದ್ದಿದ್ದು ಕಂಡಿದೆ. ಕಾಯಿಲೆ ಜೋರಾದಾಗ ಇದು ಇನ್ನೂ ಸ್ಪಷ್ಟ. ಯಾವುದಕ್ಕೆ ಗಮನ ಕೊಡ್ಬೇಕು ಅಂತ ಗುರುತು ಹಾಕೋದ್ರಲ್ಲಿ ಡೋಪಮೈನ್ ಪಾತ್ರ ದೊಡ್ಡದು, ಅದಕ್ಕೇ ಪಕ್ಕದ ಮನೆಯೋರು ಕೆಮ್ಮಿದ್ರೂ, ರೋಡಲ್ಲಿ ಯಾರೋ ಹಾರ್ನ್ ಹೊಡೆದ್ರೂ ಅದು ನಂಗೇ ಹೇಳಿದ್ದು ಅನ್ಸೋಕ್ಕೆ ಶುರುವಾಗುತ್ತೆ. ಮಾತ್ರೆಗಳಲ್ಲಿ ಹೆಚ್ಚಿನವು ಡೋಪಮೈನ್ ಬಂದು ಕೂರೋ ಡಿ2 ರಿಸೆಪ್ಟರ್ ಅನ್ನೋ ಜಾಗಗಳನ್ನ ತಡೀತವೆ, ನೂರಕ್ಕೆ ಸುಮಾರು 65 ಭಾಗ ತಡೆದ್ರೆ ಗುಣ ಕಾಣುತ್ತೆ, 80ರ ಹತ್ರ ಹೋದ್ರೆ ಕೈ ನಡುಕ, ಮೈ ಬಿಗಿತ. ಡೋಸ್ ಏರಿಸಿ ಅಂತ ಡಾಕ್ಟ್ರ ಹತ್ರ ಹಠ ಮಾಡ್ಬೇಡಿ ಅಂತ ಹೇಳೋದು ಇದಕ್ಕೇ.

ಇನ್ನು ಆ ಬ್ರಷ್ ವಿಷ್ಯ. ಸ್ಟ್ರಯೇಟಮ್‌ನಲ್ಲಿ ಡೋಪಮೈನ್ ಜಾಸ್ತಿ ಆದ್ರೆ, ಯೋಚನೆ ಮಾಡಿ ಕೆಲಸ ಶುರು ಮಾಡೋ ಮೆದುಳಿನ ಮುಂಭಾಗದಲ್ಲಿ ಅದೇ ಡೋಪಮೈನ್ ಕಮ್ಮಿ ಅನ್ನೋದಕ್ಕೆ ಪುರಾವೆ ಇದೆ. ಅಲ್ಲಿ ಗ್ಲುಟಮೇಟ್ ಅನ್ನೋ ಇನ್ನೊಂದು ಸಂದೇಶ ಸಾಗಿಸೋ ರಾಸಾಯನಿಕ ಕೂಡ ಸೇರ್ಕೊಳ್ಳುತ್ತೆ. ಕೆಟಮಿನ್ ಅನ್ನೋ ಅರಿವಳಿಕೆ ಗ್ಲುಟಮೇಟ್‌ನ ಎನ್‌ಎಮ್‌ಡಿಎ ರಿಸೆಪ್ಟರ್‌ನ ತಡೆದಾಗ ಆರೋಗ್ಯವಾಗಿರೋರಿಗೂ ಸ್ವಲ್ಪ ಹೊತ್ತು ಭ್ರಮೆ ಬರುತ್ತೆ, ಮಂಕು ಕವಿಯುತ್ತೆ, ಎರಡೂ. ಡೋಪಮೈನ್ ತಡೆಯೋ ಮಾತ್ರೆ ಕಿವಿಯ ಮಾತು ನಿಲ್ಸಬಹುದು, ಆದ್ರೆ ಈ ಮಂಕು ಅದರಿಂದ ಅಷ್ಟಾಗಿ ಹೋಗಲ್ಲ, ಅದಕ್ಕೆ ಅಣ್ಣನ್ನ ಬೈದು ಏನ್ ಪ್ರಯೋಜನ ಹೇಳಿ.

ಸುಮಾರು ಮೂರರಲ್ಲಿ ಒಬ್ಬರಿಗೆ ಮಾಮೂಲಿ ಮಾತ್ರೆ ಕೆಲಸಾನೇ ಮಾಡಲ್ಲ. ಅಂಥೋರಲ್ಲಿ ಎಷ್ಟೋ ಜನಕ್ಕೆ ಡೋಪಮೈನ್ ತಯಾರಿ ಹೆಚ್ಚುಕಮ್ಮಿ ಮಾಮೂಲಾಗೇ ಇರುತ್ತೆ, ಅಂದ್ಮೇಲೆ ಅದನ್ನೇ ತಡೆದು ಏನಾಗ್ಬೇಕು? ಎರಡು ಬೇರೆ ಬೇರೆ ಮಾತ್ರೆ ಸರಿಯಾಗಿ ತಗೊಂಡೂ ಗುಣ ಇಲ್ಲ ಅಂದ್ರೆ ಅಂಥೋರಿಗೇ ಅಂತ ಕೊಡೋ ಕ್ಲೋಜಪಿನ್ ಅನ್ನೋ ಮಾತ್ರೆ ಬಗ್ಗೆ ಡಾಕ್ಟ್ರನ್ನ ನೀವೇ ಬಾಯ್ಬಿಟ್ಟು ಕೇಳಿ. ಅದರಿಂದ ಬಿಳಿ ರಕ್ತಕಣ ಇಳಿಯೋ ಅಪಾಯ ಇರೋದ್ರಿಂದ ಮೊದಲ 18 ವಾರ ಪ್ರತಿ ವಾರ ಬ್ಲಡ್ ಟೆಸ್ಟ್ ಮಾಡಿಸ್ಬೇಕು, ಆ ಒಂದು ಓಡಾಟಕ್ಕೆ ಹೆದರಿ ವರ್ಷಗಟ್ಟಲೆ ಮುಂದೂಡೋ ಮನೆಗಳನ್ನ ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗುತ್ತೆ.