ಪಿನ್ ಅಲ್ಲೇ ಇತ್ತು

ಬೆಂಕಿ, ಪ್ರವಾಹ, ಭೂಕಂಪ ಬಂದರೆ ಏನು ಮಾಡಬೇಕು ಅಂತ ಬಡಾವಣೆಗಳಿಗೆ ಹೋಗಿ ಹೇಳಿಕೊಡುವುದು ನನ್ನ ಕೆಲಸ. ಮೊದಮೊದಲು 60 ಸ್ಲೈಡ್ ಇಟ್ಟುಕೊಂಡಿದ್ದೆ. ಜನ ತಲೆಯಾಡಿಸುತ್ತಿದ್ದರು. ಕೊನೆಗೆ ಚಪ್ಪಾಳೆ, ಗ್ರೂಪ್ ಫೋಟೋ. ನಾನೂ ಖುಷಿಯಾಗಿ ಮನೆಗೆ ಹೋಗುತ್ತಿದ್ದೆ.

ಆರು ತಿಂಗಳು ಬಿಟ್ಟು ಒಂದು ಕಡೆ ಮತ್ತೆ ಹೋದೆ. ಹಿಂದಿನ ಸಲ ಎಲ್ಲ ಪ್ರಶ್ನೆಗೂ ಪಟಪಟ ಉತ್ತರ ಹೇಳಿದ್ದ ಹಿರಿಯರೊಬ್ಬರು ಮುಂದೆಯೇ ಕೂತಿದ್ದರು. ಬಯಲಲ್ಲಿ ಒಂದು ತಗಡಿನ ಟ್ರೇಯಲ್ಲಿ ಬೆಂಕಿ ಹಚ್ಚಿ, ಬೆಂಕಿ ಆರಿಸುವ ಸಿಲಿಂಡರನ್ನು ಅವರ ಕೈಗೆ ಕೊಟ್ಟು "ಆರಿಸಿ ಸರ್" ಅಂದೆ. ಹಿಡಿ ಒತ್ತಿದರು. ಏನೂ ಬರಲಿಲ್ಲ. ಎರಡೂ ಕೈಯಲ್ಲಿ ಒತ್ತಿದರು. ಆಮೇಲೆ ಸಿಲಿಂಡರನ್ನೇ ಜೋರಾಗಿ ಅಲ್ಲಾಡಿಸಿದರು. ಒತ್ತುವ ಮೊದಲು ಎಳೆದು ತೆಗೆಯಬೇಕಾದ ಪಿನ್ ಅಲ್ಲೇ ಇತ್ತು. ಸ್ಲೈಡಿನಲ್ಲಿ ಅದೇ ಪಿನ್ನಿಗೆ ನಾನು ಕೆಂಪು ಸುತ್ತು ಹಾಕಿ ತೋರಿಸಿದ್ದೆ! ತಪ್ಪು ಅವರದಲ್ಲ. ಕಿವಿಗೆ ಕಲಿಸಿದ್ದೆ, ಬೆರಳಿಗೆ ಕಲಿಸಿರಲಿಲ್ಲ.

ಈಗ ಪ್ರತಿಯೊಬ್ಬರೂ ಪಿನ್ ಎಳೆಯಲೇಬೇಕು. ಪೈಪನ್ನು ಬೆಂಕಿಯ ಬುಡಕ್ಕೆ ಹಿಡಿದು ಆಚೆ ಈಚೆ ಆಡಿಸಬೇಕು. ಸಿಲಿಂಡರಿನಿಂದ ಬರುವ ಪುಡಿ ನಿಂತ ಕೂಡಲೇ ಯಾರಾದರೂ ಕೇಳುತ್ತಾರೆ, "ಇಷ್ಟು ಬೇಗ ಖಾಲಿ ಆಯ್ತಾ?" ಹೌದು, ಚಿಕ್ಕ ಸಿಲಿಂಡರ್ ಅರ್ಧ ನಿಮಿಷವೂ ಬರುವುದಿಲ್ಲ. ಅದಕ್ಕೇ ಹೊರಗೆ ಓಡುವ ದಾರಿ ಬೆನ್ನ ಹಿಂದೆ ಇರಬೇಕು ಅನ್ನುವುದು. ಈ ಮಾತನ್ನು ಆ ಹೊತ್ತಿಗೆ ಹೇಳಿದರೆ ನಾಟುತ್ತದೆ. ಮೊದಲೇ ಹೇಳಿದರೆ ಸುಮ್ನೆ ಇನ್ನೊಂದು ಸ್ಲೈಡ್ ಅಷ್ಟೇ.

ರಭಸದಿಂದ ಹರಿಯುವ ನೀರು 15 ಸೆಂ.ಮೀ. ಇದ್ದರೂ ದೊಡ್ಡವರನ್ನು ಬೀಳಿಸಬಹುದು. 60 ಸೆಂ.ಮೀ. ಇದ್ದರೆ ಹೆಚ್ಚಿನ ಕಾರುಗಳನ್ನೇ ಕೊಚ್ಚಿಕೊಂಡು ಹೋಗುತ್ತದೆ. ಅಂಕಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅವರವರ ಕಾಲಿನ ಮೇಲೇ ಟೇಪ್ ಹಿಡಿದು ಅಳೆಯಿರಿ ಅನ್ನುತ್ತೇನೆ. 15 ಸೆಂ.ಮೀ.ಗೆ, ಮೊಣಕಾಲಿಗಿಂತ ಎಷ್ಟೋ ಕೆಳಗೆ, ಬೆರಳು ನಿಂತಾಗ "ಇಷ್ಟೇನಾ?" ಅಂತ ನನ್ನ ಮುಖ ನೋಡುತ್ತಾರೆ.

ಇಂಡೊನೇಷ್ಯಾದ ಸಿಮೆಲುವೆ ದ್ವೀಪ 2004ರ ಭೂಕಂಪದ ಕೇಂದ್ರಕ್ಕೆ ತೀರಾ ಹತ್ತಿರ ಇತ್ತು. ಅಲ್ಲಿನ ಸುಮಾರು 78,000 ಜನರಲ್ಲಿ ಸುನಾಮಿಗೆ ಬಲಿಯಾದವರು 7 ಮಂದಿ. 1907ರ ಸುನಾಮಿಯ ಕಥೆಯನ್ನು ಅಜ್ಜ ಅಜ್ಜಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು: ನೆಲ ಜೋರಾಗಿ ನಡುಗಿ, ಸಮುದ್ರ ಹಿಂದೆ ಸರಿದರೆ ಗುಡ್ಡಕ್ಕೆ ಓಡು. ಅಲ್ಲಿ ಪ್ರೊಜೆಕ್ಟರ್ ಇರಲಿಲ್ಲ, ಅಲ್ವಾ?

ಇನ್ನೊಂದು ಬದಲಾವಣೆ ನಾನು ಯೋಚಿಸಿ ಮಾಡಿದ್ದಲ್ಲ. ಒಂದು ಅಪಾರ್ಟ್‌ಮೆಂಟಿನಲ್ಲಿ ಮಾತಾಡುತ್ತಿದ್ದಾಗ ಹುಡುಗಿಯೊಬ್ಬಳು ಕೇಳಿದಳು, "ನಮ್ಮಜ್ಜಿಗೆ ಮೆಟ್ಟಿಲು ಇಳಿಯೋಕೆ ಆಗಲ್ಲ. ಯಾರು ಕರ್ಕೊಂಡು ಬರ್ತಾರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಪಕ್ಕದ ಮನೆಯ ಇಬ್ಬರು ಎದ್ದರು. ಖಾಲಿ ಕುರ್ಚಿಯಲ್ಲಿ ಆ ಹುಡುಗಿಯನ್ನೇ ಕೂರಿಸಿಕೊಂಡು ಇಳಿಸಿ ನೋಡಿದೆವು. ಮೊದಲ ತಿರುವಿನಲ್ಲೇ ಕುರ್ಚಿಯ ಕೈ ಗೋಡೆಗೆ ಸಿಕ್ಕಿಕೊಂಡಿತು. ಕೈ ಇಲ್ಲದ ಕುರ್ಚಿ ಹುಡುಕಿ ತಂದು ಮತ್ತೆ ಇಳಿಸಿದೆವು. ಈ ಸಲ ಸಲೀಸಾಗಿ ಬಂತು.

ಆ ಕುರ್ಚಿ ಈಗ ಅಜ್ಜಿಯ ಬಾಗಿಲ ಪಕ್ಕದಲ್ಲೇ ಇರುತ್ತದೆ. ಅದರ ಮೇಲೆ ಬಟ್ಟೆ ಒಣಹಾಕಿದರೆ ಹುಡುಗಿ ಬೈಯುತ್ತಾಳಂತೆ.